ಬಾಣದ ಕೆಳಗಿನ ಚುಕ್ಕಿ

ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಪಡಸಾಲೆಯಲ್ಲಿ ಕುಳಿತಿದ್ದೆ. ವರ್ಷದ ಖಾರ ಕುಟ್ಟಿಸುವ ಕಾಲ ಅದು. ಸಂತೆಯಿಂದ ತಂದ ಕಾಯಿಯನ್ನು ಮಾಳಿಗೆಯ ಮೇಲೆ ಹರವಿ ಒಣಗಿಸಿದ ಮೇಲೆ ಚೀಲ ಜೋಲು ಬಿದ್ದಿತ್ತು. ಮಾರಿದವನು ನೀರು ಚಿಮುಕಿಸಿ ತೂಗಿದ್ದನೆಂದು ಅಲ್ಲಿಗೆ ಖಾತ್ರಿಯಾಯಿತು. ಇಷ್ಟೊಂದು ಕೆಂಪಗಿರುವುದೂ ಸರಿಯಲ್ಲ ಎನ್ನಿಸಿ ಒಂದು ಕಾಯನ್ನು ಒದ್ದೆ ಬಿಳಿ ಅರಿವೆಗೆ ತಿಕ್ಕಿ ನೋಡಿದೆ. ಬಣ್ಣ ಬಿಡಲಿಲ್ಲ. ನೀರು ಕುಡಿಸಿದವನು ಬಣ್ಣ ಕುಡಿಸಿರಲಿಲ್ಲ. ಅಷ್ಟಾದರೂ ದೇವರು ಅವನಿಗೆ ಬುದ್ಧಿ ಕೊಟ್ಟಿದ್ದ.

ಮುಂದಿನ ಖೋಲಿಯಲ್ಲಿ ಫೋನು ಬಡಿದುಕೊಂಡಿತು. ನಮ್ಮ ಮನೆಯವರ ದನಿ ಕೇಳಿಸಿತು. "ಬರ್ರಿ, ಬರ್ರಿ, ಸುಬೇದಾರ ಸಾಹೇಬ್ರ. ಇವತ್ತ ಸಂಜೀಕ ಬರ್ರಿ. ಹೇಳೇ ಬಿಡ್ತೀನಿ." ಫೋನು ಇಟ್ಟು ಬಾಗಿಲಿಗೆ ಬಂದು ನಿಂತರು. ಮುಖದ ಮೇಲೆ ನಗು ಇತ್ತು.

"ಕೇಳಿದ್ಯಾ? ಸುಬೇದಾರ್ರು ಸಂಜೀಕ ಬರ್ತಾರ. ಕ್ಯಾಮರಾ ಖರೆ ಐತಿ ಅಂತ ಹೇಳಾಂವ ಅದೀನಿ."

"ಹೇಳಾಂವ ಅದೀರೋ, ಹೇಳಿಬಿಟ್ರೋ?"

"ಬಾಯಿಲೆ ಅಂದಿಲ್ಲ. ಮನಸಿನ್ಯಾಗ ಅಂದೀನಿ."

"ಮನಸಿನ್ಯಾಗ ಅಂದದ್ದು ವಾಪಸ್ ತಗೋಬಹುದು. ಚಲೋ ಆತು ಬಿಡ್ರಿ."

"ನಿನ್ನ ಕೈಯಾಗ ಕೊಟ್ರ ಶಿವನ ತಲಿ ಮ್ಯಾಲಿನ ಗಂಗೀನೂ ಬೋರಿನ ನೀರೇನ ಅಂತ ಕೇಳ್ತಿ ನೀ," ಎಂದು ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಕ್ಷೌರಕ್ಕೆ ಹೊರಟರು.

ಅವರು ಹೇಳಿದ್ದು ಸುಳ್ಳಲ್ಲ. ನಾನು ಎಲ್ಲವನ್ನೂ ಸಂಶಯದಿಂದ ನೋಡುವ ಹೆಂಗಸು. ಆದರೆ ಈ ಗುಣ ತವರಿನಿಂದ ತಂದದ್ದಲ್ಲ. ಅವರ ಕ್ಯಾಮರಾಗಳೇ ನನಗೆ ಹತ್ತಿಸಿದ್ದು.

ನಮ್ಮದು ಕುಂದಗೋಳ. ಮನೆಯ ಮುಂದಿನ ಖೋಲಿಯಲ್ಲೇ ಅವರ ಫೋಟೋ ಸ್ಟುಡಿಯೋ. ಎಲ್ಲರ ಕೈಗೂ ಫೋನು ಬಂದ ಮೇಲೆ ಮದುವೆಯ ಫೋಟೋಕ್ಕೆ ಕರೆಯುವವರು ಕಡಿಮೆಯಾದರು. ಪಾಸ್‌ಪೋರ್ಟ್ ಅಳತೆಯ ಫೋಟೋ ಮತ್ತು ಝೆರಾಕ್ಸ್ ಉಳಿದವು. ಆದರೆ ರೀಲಿನ ಕಾಲದ ಕ್ಯಾಮರಾ ಬಿಚ್ಚಿ ಕೂಡಿಸುವ ಕೈ ಅವರದು. ಹಳೆಯ ಕ್ಯಾಮರಾ ಕೂಡಿಸಿಡುವ ಹವ್ಯಾಸದವರು ಒಬ್ಬೊಬ್ಬರೇ ಅವರನ್ನು ಹುಡುಕಿಕೊಂಡು ಬರತೊಡಗಿದರು. ಹುಬ್ಬಳ್ಳಿ, ಬೆಳಗಾವಿ, ಪುಣೆಯ ಕಡೆಯವರದೊಂದು ಗುಂಪೇ ಫೋನಿನಲ್ಲಿದೆ. ಏನಾದರೂ ಕೊಳ್ಳುವ ಮೊದಲು ಇವರನ್ನು ಕೇಳುತ್ತಾರೆ. ಇವರು "ಖರೆ" ಅಂದರೆ ಖರೆ.

ಆ ಪೇಟೆಯಲ್ಲಿ ಎಲ್ಲಕ್ಕಿಂತ ಬೇಡಿಕೆ ಸೈನ್ಯದ ಕ್ಯಾಮರಾಕ್ಕೆ. ಮಹಾಯುದ್ಧದ ಕಾಲದಲ್ಲಿ ಫೌಜಿನ ಉಪಯೋಗಕ್ಕೆ ಹೋದದ್ದು, ಮೈಮೇಲೆ ಫೌಜಿನ ಗುರುತು ಇದ್ದದ್ದು. ಅದೇ ಕ್ಯಾಮರಾ ಗುರುತಿಲ್ಲದೆ ಸಿಕ್ಕರೆ ಅಟ್ಟದ ಸಾಮಾನು. ಗುರುತಿದ್ದರೆ ಗಾಜಿನ ಕಪಾಟಿಗೆ ಹೋಗುತ್ತದೆ. ಹಾಗಾಗಿ ಗುರುತು ಹಾಕಿಯೇ ಮಾರುವವರು ಹುಟ್ಟಿಕೊಂಡಿದ್ದಾರೆ. ಒಮ್ಮೆ ಒಬ್ಬರು ಹದ್ದಿನ ಮುದ್ರೆಯ ಜರ್ಮನ್ ಫೌಜಿನ ಕ್ಯಾಮರಾ ಎಂದು ರೇಷ್ಮೆ ವಸ್ತ್ರದಲ್ಲಿ ಸುತ್ತಿ ತಂದಿದ್ದರು. ಇವರು ಲೆನ್ಸು ಬಿಚ್ಚಿ ಒಳಗೆ ಬೆಳಕು ಬಿಟ್ಟು ನೋಡಿ, ಸುಮ್ಮನೆ ಮತ್ತೆ ತಿರುಪಿ ಕೊಟ್ಟರು. ಜರ್ಮನ್ನರದಾದರೆ ಒಳಗೆ ಒಂದು ಸಣ್ಣ ಗಾಲಿ ಇರಬೇಕಂತೆ. ಇದರಲ್ಲಿ ನಾಲಗೆಯಂಥ ಚೂಪು ತುಂಡು ಇತ್ತು. ಅದು ರಷ್ಯದವರು ಅದೇ ಮಾದರಿಯಲ್ಲಿ ಮಾಡಿದ ಸಾದಾ ಕ್ಯಾಮರಾ. ಮೇಲಿನ ಹೆಸರು ಒರೆಸಿ ಯಾರೋ ಹದ್ದು ಕೂರಿಸಿದ್ದರು. ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು. ರೇಷ್ಮೆ ವಸ್ತ್ರ ಮರೆತು ಹೋಗಿದ್ದರು, ಇವರು ಓಡಿಹೋಗಿ ಕೊಟ್ಟು ಬಂದರು.

ಹೀಗೆ ನೋಡುತ್ತ ಕೇಳುತ್ತ ನನಗೂ ಕೆಲವು ಗೊತ್ತಾದವು. ಕೈ ತಾಗುವ ಕಡೆ ಮಾತ್ರ ಬಣ್ಣ ಸವೆಯಬೇಕು, ಮೂಲೆಗಳಲ್ಲಿ, ತಿರುಪಿನ ಅಂಚಿನಲ್ಲಿ, ಪಟ್ಟಿ ಸಿಕ್ಕಿಸುವಲ್ಲಿ. ನಟ್ಟನಡುವೆ ಸವೆದಿದ್ದರೆ ಯಾರೋ ಕಾಗದ ಹಾಕಿ ತಿಕ್ಕಿದ್ದಾರೆಂದು ತಿಳಿಯಬೇಕು. ಕಾರ್ಖಾನೆಯಲ್ಲಿ ಹಾಕಿದ ಗುರುತಿನ ಒಳಗೂ ಬಣ್ಣ ಇಳಿದಿರುತ್ತದೆ. ಆಮೇಲೆ ಕೊರೆದದ್ದಾದರೆ ಬಣ್ಣ ಸೀಳಿ ಒಳಗಿನ ಹಿತ್ತಾಳೆ ಹೊಳೆಯುತ್ತದೆ, ಆ ಹೊಳಪು ಮುಚ್ಚಲು ಏನಾದರೂ ಕರಿ ತುಂಬುತ್ತಾರೆ. ನಮ್ಮ ಹಿತ್ತಾಳೆ ಕೊಡಗಳೂ ಹಾಗೆಯೇ ಸವೆಯುವುದು, ಕಂಠದಲ್ಲಿ ಮತ್ತು ಸೊಂಟಕ್ಕೆ ತಾಗುವ ಕಡೆ. ಅದಕ್ಕೇ ನನಗೆ ಬೇಗ ತಲೆಗೆ ಹೋಯಿತು.

ಸುಬೇದಾರರು ದುಮ್ಮವಾಡದ ಕಡೆಯವರು. ಫೌಜಿನಿಂದ ನಿವೃತ್ತರಾಗಿ ಬಂದು ಹೊಲ ಮಾಡಿಕೊಂಡಿದ್ದಾರೆ. ಅವರ ತಂದೆಯೂ ಅದೇ ರೆಜಿಮೆಂಟಿನಲ್ಲಿ ಯುದ್ಧಕ್ಕೆ ಹೋಗಿಬಂದವರು. ಮುಂದಿನ ವಾರ ಹಳಬರೆಲ್ಲ ಆ ರೆಜಿಮೆಂಟಿನ ಠಾಣ್ಯದಲ್ಲಿ ಕೂಡುವವರಿದ್ದರು. ತಂದೆಯ ಹೆಸರಿನಲ್ಲಿ ಅಲ್ಲಿಯ ಕಪಾಟಿಗೆ ಆ ಕಾಲದ ಫೌಜಿನ ಕ್ಯಾಮರಾ ಒಂದನ್ನು ಕೊಡಬೇಕೆಂದು ಸುಬೇದಾರರ ಆಸೆ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ಹುಡುಕಿಕೊಟ್ಟಿದ್ದ. ಅದನ್ನು ನಮ್ಮಲ್ಲಿ ಬಿಟ್ಟುಹೋಗುವಾಗ, "ನೀವು ಖರೆ ಅಂದ್ರ ಒಯ್ತೀನಿ, ಇಲ್ಲಂದ್ರ ಅವನ ಮಾರಿ ಮ್ಯಾಲ ಒಗದ ಬರ್ತೀನಿ. ದೊಡ್ಡ ಸಾಹೇಬರ ಮುಂದ ಸುಳ್ಳು ವಸ್ತು ಇಟ್ಟು ಅಪ್ಪನ ಹೆಸರ ಹೇಳಬಾರದು ನೋಡ್ರಿ," ಎಂದಿದ್ದರು.

ಕ್ಯಾಮರಾ ಮಡಚುವಂಥದು, ಹಾರ್ಮೋನಿಯಂ ಪೆಟ್ಟಿಗೆಯ ಗಾಳಿ ಹಾಕುವ ಭಾತೆಯಂತೆ ಮುಂದಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಹಿಂಬದಿಯ ಲೋಹದ ಪಟ್ಟಿಯ ಮೇಲೆ ಬಾಣದ ಗುರುತು, ಅದರ ಕೆಳಗೆ ಇಂಗ್ಲಿಷಿನ ಐ ಅಕ್ಷರ, ಅದರ ಕೆಳಗೆ ಅಂಕಿಗಳು. ಬಾಣವೆಂದರೆ ಸರಕಾರದ್ದು, ಐ ಎಂದರೆ ಹಿಂದೂಸ್ತಾನದ ಫೌಜಿನದು ಎಂದು ಇವರು ಹೇಳಿದ್ದರು. ಕ್ಯಾಮರಾದ ವಯಸ್ಸು ಸರಿ ಇತ್ತು. ಲೆನ್ಸು ಆ ಕಾಲದ್ದೇ, ಸ್ಕ್ರೂಗಳ ತಲೆ ಕೆಟ್ಟಿರಲಿಲ್ಲ, ಭಾತೆಯಲ್ಲಿ ತೂತಿರಲಿಲ್ಲ. ಎಲ್ಲವನ್ನೂ ಅವರು ನೋಡಿದ್ದರು. ಗುರುತಿನೊಳಗೆ ಸೂಜಿ ಆಡಿಸಿ ನೋಡುವುದೊಂದು ಉಳಿದಿತ್ತು. ಪರರ ವಸ್ತುವಿಗೆ ಗೀರು ಬಿದ್ದರೆ ಹೇಗೆಂದು ಬಿಟ್ಟಿದ್ದರು.

ನನಗೆ ಮಾತ್ರ ಅದು ಮನೆಗೆ ಬಂದ ದಿನದಿಂದ ಸರಿಬಂದಿರಲಿಲ್ಲ. ತೊಗಲಿನ ಚೀಲಕ್ಕೆ ಮೂಗು ಒಡ್ಡಿದರೆ ಕುದಿಸಿದ ಚಹಾದ ವಾಸನೆ, ಹಳೆಯ ಬಣ್ಣ ಬರಲೆಂದು ಅದ್ದಿ ತೆಗೆದಂತೆ. "ಚೀಲ ಆಮ್ಯಾಲಿಂದಿರ್ತದ ಬಿಡು," ಎಂದರು. ಅದು ಇರಲಿ, ಕ್ಯಾಮರಾದ ಸಂದು ಮೂಲೆಗಳೆಲ್ಲ ಸ್ವಚ್ಛ, ಗುರುತಿನಲ್ಲಿ ಮಾತ್ರ ಕೊಳೆ. ಹಳೆಯ ಭಾಂಡೆ ತಿಕ್ಕಿದವರಿಗೆ ಗೊತ್ತು, ಕೊಳೆ ಹಾಗೆ ಜಾಗ ಆರಿಸಿ ಕೂರುವುದಿಲ್ಲ. "ಯಾರೋ ಒರಸ್ಯಾರ," ಎಂದರು. ಒರೆಸುವವರು ಗುರುತನ್ನು ಯಾಕೆ ಬಿಟ್ಟರು ಎಂದು ಕೇಳಿದರೆ ಕ್ಯಾಮರಾ ಎತ್ತಿ ಕಪಾಟಿಗಿಟ್ಟರು. ಕಣ್ಣಿನ ಪೊರೆ ತೆಗೆಸಿಕೊಂಡು ಹೆಚ್ಚು ದಿನವಾಗಿರಲಿಲ್ಲ ಅವರಿಗೆ. ಆಪರೇಷನ್ ಚೆನ್ನಾಗಿ ಆಯಿತೆಂದು ನಾನು ದಿನಾ ಲಿಂಗಪೂಜೆಯಲ್ಲಿ ನೆನೆಯುತ್ತಿದ್ದೆ. ಇನ್ನೊಂದು ಕಣ್ಣು ಮಬ್ಬೇ ಇತ್ತು, ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ.

ಅವರು ಕ್ಷೌರಕ್ಕೆ ಹೋದ ಮೇಲೆ ನಾನು ಎದ್ದೆ. ಕೈಗೆ ಎಣ್ಣೆ ಹಚ್ಚಿ, ಕಡಲೆಹಿಟ್ಟಿನಿಂದ ತೊಳೆದು, ಖಾರ ಹೋಗಿದೆಯೇ ಎಂದು ತುಟಿಗೆ ಮುಟ್ಟಿಸಿ ನೋಡಿ, ಕ್ಯಾಮರಾವನ್ನೂ ಅವರ ಭೂತಗನ್ನಡಿಯನ್ನೂ ತೆಗೆದುಕೊಂಡು ಕಿಟಕಿಗೆ ಹೋದೆ. ಬಾಣ ನೋಡಿದೆ. ಐ ನೋಡಿದೆ. ಅಂಕಿಗಳ ಕೊನೆಗೆ ಒಂದು ಚುಕ್ಕಿ ಇತ್ತು. ಅದನ್ನು ಇವರು ಮೊದಲೇ ಹೇಳಿದ್ದರು, ತಪಾಸಣೆ ಮಾಡಿದ ಅಧಿಕಾರಿ ಇಟ್ಟ ಗುರುತಿರಬೇಕೆಂದು. ಬರಿಗಣ್ಣಿಗೆ ಬರೀ ಚುಕ್ಕಿ. ಗಾಜಿನಲ್ಲಿ ನೋಡಿದರೆ ಸಾಸಿವೆಯಂಥ ಒಂದು ಚುಕ್ಕಿ, ಅದರ ನೆತ್ತಿಗೆ ತಾಗಿದಂತೆ ಸೂಜಿಮೊನೆಯಷ್ಟು ಇನ್ನೊಂದು.

ಅಡುಗೆ ಮನೆಗೆ ಹೋಗಿ ಗೂಡಿನಿಂದ ಪರಾತ ಇಳಿಸಿದೆ. ನನ್ನ ಮದುವೆಗೆ ತವರಿನವರು ಕೊಟ್ಟ ಹಿಟ್ಟು ನಾದುವ ಪರಾತ. ಅಂಚಿನಲ್ಲಿ ನಮ್ಮಪ್ಪನ ಹೆಸರು, ಹೆಸರಿನ ಕೊನೆಗೆ ಅದೇ ಚುಕ್ಕಿ. ದೊಡ್ಡದು, ನೆತ್ತಿಯ ಮೇಲೆ ಸಣ್ಣದು.

ಗುಡಗೇರಿಯಲ್ಲಿ ನಮ್ಮಪ್ಪನದು ಭಾಂಡೆ ಅಂಗಡಿ. ಮದುವೆಗೆ, ಮನೆ ಒಕ್ಕಲಿಗೆ ಕೊಡುವ ತಾಟು, ತಂಬಿಗೆ, ಕೊಡದ ಮೇಲೆ ಕೊಟ್ಟವರ ಹೆಸರು ಹಾಕಿಸುವುದು ನಮ್ಮ ಕಡೆಯ ರೂಢಿ. ಅಪ್ಪ ಸಣ್ಣ ಉಳಿಯಿಂದ ಕುಟ್ಟಿ ಹಾಕುತ್ತಿದ್ದರು. ಬರೀ ಕೊಟ್ಟವನ ಹೆಸರು ಹಾಕಿ ನಿಲ್ಲಿಸಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಕೊಟ್ಟೆ ಕೊಟ್ಟೆ ಎಂದು ಭಾಂಡೆ ತಾನೇ ಸಾರುತ್ತ ಕೂರಬಾರದು, ಕೊಡಿಸಿದವನು ಮೇಲೆ ಇದ್ದಾನೆ, ಅವನದೂ ಒಂದು ಗುರುತಿರಲಿ ಎನ್ನುತ್ತಿದ್ದರು. ಲಿಂಗದಂತೆ ಕಾಣುವ ಆ ಜೋಡಿ ಚುಕ್ಕಿ ಇಟ್ಟು, ಬೆರಳಿನಿಂದ ಸವರಿ, ಆಮೇಲೆ ಗಿರಾಕಿಯ ಕೈಗೆ ಕೊಡುತ್ತಿದ್ದರು. ಯಾರೂ ಅದನ್ನು ಗಮನಿಸುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಅಂಗಡಿ ನನ್ನ ತಮ್ಮನದಾಯಿತು. ಉಳಿ ಹೋಗಿ ಕರೆಂಟಿನ ಮಶೀನು ಬಂತು. ಚುಕ್ಕಿ ಮಾತ್ರ ತಪ್ಪಲಿಲ್ಲ. ಆ ಸೀಮೆಯಲ್ಲಿ ಹಾಗೆ ಮಾಡುವವರು ಬೇರೆ ಯಾರೂ ಇಲ್ಲ. ನನಗಿರುವ ತವರೆಂದರೂ ಈ ಒಬ್ಬ ತಮ್ಮನೇ.

ಫೋನು ಹಚ್ಚಿದೆ. ಹಿಂದೆ ಮಶೀನಿನ ಕಿರ್ರೆನ್ನುವ ಸದ್ದು ಕೇಳುತ್ತಿತ್ತು.

"ಹೇಳವಾ ಅಕ್ಕಾ. ಲಗೂನ ಹೇಳು, ಗಿರಾಕಿ ನಿಂತಾರ. ಒಬ್ಬಾಕಿ ಗಂಡನ ಹೆಸರ ಬ್ಯಾಡ, ತಾಟಿನ ಮ್ಯಾಲ ಬರೇ ನಂದ ಹಾಕು ಅನ್ನಾಕತ್ಯಾಳ. ಅಂವ ಬಾಜೂಕ ನಿಂತು ಹೂಂ ಅನ್ನಾಕತ್ಯಾನ."

"ಲೇ ತಮ್ಮಾ, ನೀ ಭಾಂಡೆ ಬಿಟ್ಟು ಬ್ಯಾರೆ ಏನರ ಮ್ಯಾಲ ಹೆಸರ ಹಾಕೀಯೇನು?"

"ಹಾಕ್ತೀನಲಾ. ಟಿಫಿನ್ ಡಬ್ಬಿ, ಸೈಕಲ್ಲು, ಪಂಪಿನ ಮೋಟರು. ಯಾಕ?"

"ಕ್ಯಾಮರಾ?"

ಮಶೀನು ನಿಂತಿತು.

"ಯಾವ ಕ್ಯಾಮರಾ?"

"ನಾ ಕೇಳಿದ್ದಕ್ಕ ತಿರುಗಿ ನೀ ಕೇಳಬ್ಯಾಡ."

ಗಿರಾಕಿಗೆ ಕುಳಿತುಕೊಳ್ಳಿ ಎಂದು ಹೇಳಿದ್ದು ಕೇಳಿಸಿತು, ಆಮೇಲೆ ಬೀದಿಯ ಸದ್ದು. ಹೊರಗೆ ಬಂದಿದ್ದ.

"ಹುಬ್ಬಳ್ಳ್ಯಾಂವ ಒಬ್ಬಾಂವ ತಂದಿದ್ದ. ಸಿನಿಮಾದಾಗ ತೋರಸಾಕ ಬೇಕು ಅಂದ. ಹಳೇ ಡಬ್ಬಿಗೋಳು ಅಕ್ಕಾ, ಯಾವುದೂ ನಡೀತಿರಲಿಲ್ಲ. ಬಾಣ ತಗದ ತೋರಿಸಿದ, ಹಂಗ ಕೊರದ ಕೊಟ್ಟೆ. ಬಣ್ಣ ನಾ ತುಂಬಿಲ್ಲ."

ಬಣ್ಣದ ಮಾತನ್ನು ನಾನು ಎತ್ತಿಯೇ ಇರಲಿಲ್ಲ.

"ಚುಕ್ಕಿ ಯಾಕ ಇಟ್ಟಿ?"

"ಯಾವ ಚುಕ್ಕಿ?"

"ಅಪ್ಪನ ಚುಕ್ಕಿ."

"ಇಟ್ಟೀನೇನು?" ಎಂದ ಸಣ್ಣ ದನಿಯಲ್ಲಿ. "ಕೈ ಅದನ್ನ ತಾನ ಇಡ್ತದ ಅಕ್ಕಾ. ನನಗ ಗೊತ್ತ ಆಗೂದಿಲ್ಲ."

"ಆ ಕ್ಯಾಮರಾ ಈಗ ನಮ್ಮ ಮನ್ಯಾಗ ಐತಿ. ನಿಮ್ಮ ಮಾಮಾ ಸಂಜೀಕ ಇದು ಖರೆ ಅಂತ ಮಾತ ಕೊಡಾವರು. ನೀ ಬಂದು ಹೇಳು."

"ನಾ ಬರೂದಿಲ್ಲ. ಅವರ ಗುಂಪಿನ್ಯಾಗ ಗೊತ್ತಾದ್ರ ಊರಿಗೆ ಗೊತ್ತಾಗ್ತದ. ಕಳ್ಳ ಮುದ್ರಿ ಹಾಕಾಂವ ಅಂತಾರ. ನನ್ನ ಅಂಗಡಿ ಬಾಗಲಾ ಹಾಕಸಬ್ಯಾಡ ನೀ." ಫೋನು ಇಟ್ಟ.

ನಾನು ಪರಾತವನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆ ಮನೆಯ ನೆಲದಲ್ಲೇ ಕುಳಿತೆ. ಕೊರೆದವನು ಅವನೇ, ಅದರಲ್ಲಿ ಇನ್ನು ಸಂಶಯವಿಲ್ಲ. ಗೊತ್ತಿದ್ದು ಕೊರೆದನೋ, ಗೊತ್ತಿಲ್ಲದೆ ಕೊರೆದನೋ. ಸುಳ್ಳು ಮಾಡುತ್ತಿದ್ದೇನೆಂದು ಗೊತ್ತಿದ್ದರೆ ಅದರ ಮೇಲೆ ಶಿವನ ಗುರುತು ಇಡುತ್ತಿದ್ದನೇ? ಇಡುತ್ತಿರಲಿಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಸಿನಿಮಾದ ಸಾಮಾನಾದರೆ ಅದರ ಬಣ್ಣದ ಚಿಂತೆ ಅವನಿಗೆ ಯಾಕಿತ್ತು? ಆ ಸಮಾಧಾನವೂ ಹೋಯಿತು. ಹಾಲಿನವನನ್ನು, ಬೆಲ್ಲದವನನ್ನು ಸಂಶಯಪಡುವುದು ಒಂದು. ಒಂದೇ ತಾಯಿಯ ಮಗನನ್ನು ಹೀಗೆ ಬೆಳಕಿಗೆ ಹಿಡಿದು ತಿರುಗಿಸಿ ನೋಡುವುದೆಂದರೆ ಬೇರೆ.

ಹೇಳದೆ ಇದ್ದುಬಿಟ್ಟರೆ ಏನಾಗುತ್ತದೆ ಎಂದೂ ಯೋಚಿಸಿದೆ. ಸುಬೇದಾರರು ಒಯ್ಯುತ್ತಾರೆ, ಗಾಜಿನ ಕಪಾಟಿಗೆ ಹೋಗುತ್ತದೆ, ಭಾಂಡೆ ಅಂಗಡಿಯವನ ಚುಕ್ಕಿಯನ್ನು ಅಲ್ಲಿ ಗುರುತಿಸುವವರು ಯಾರು? ಗುರುತಿಸದಿರಬಹುದು. ಆದರೆ ಹುಬ್ಬಳ್ಳಿಯವನು ಇನ್ನೊಂದು ತರುತ್ತಾನೆ, ಮತ್ತೊಂದು ತರುತ್ತಾನೆ. ಎಂದೋ ಒಬ್ಬ ಬಲ್ಲವನು ಸೂಜಿ ಹಾಕಿ ನೋಡುತ್ತಾನೆ. ಆಗ ಎಲ್ಲರೂ ಕೇಳುವುದು ಒಂದೇ, ಇದನ್ನು ಖರೆ ಅಂದವರು ಯಾರು ಅಂತ. ನಮ್ಮ ಮನೆಯವರ ಹತ್ತಿರ ಆ ಮಾತಿನ ಹೊರತು ಬೇರೆ ಆಸ್ತಿಯಿಲ್ಲ. ಅವರೊಬ್ಬರೇ ಮನೆಗೆ ಬಂದರೆ ಅಡುಗೆ ಮನೆಗೆ ಕರೆದು ಮೆಲ್ಲಗೆ ಹೇಳೋಣವೆಂದು ಗಟ್ಟಿ ಮಾಡಿಕೊಂಡೆ.

ಅವರು ಒಬ್ಬರೇ ಬರಲಿಲ್ಲ. ಕ್ಷೌರ ಮುಗಿಸಿ, ಯಾರದೋ ಅಂಗಡಿಯಲ್ಲಿ ಮಾತಿಗೆ ಕುಳಿತು, ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೋಗಿ ಸುಬೇದಾರರನ್ನು ಕರೆದುಕೊಂಡೇ ಬಂದರು. ಸುಬೇದಾರರು ಇಸ್ತ್ರಿ ಅಂಗಿ ಹಾಕಿಕೊಂಡು, ಮೀಸೆ ತೀಡಿಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಕುರ್ಚಿಯ ತುದಿಗೆ ಕುಳಿತರು.

"ಆರಾಮ ಅದೀರೇನ್ರಿ ವೈನಿ? ಇವತ್ತ ನಿಮ್ಮ ಮನಿ ಚಹಾದಾಗ ಸಕ್ರಿ ಜಾಸ್ತಿ ಹಾಕ್ರಿ. ಚಲೋ ಸುದ್ದಿ ಕೇಳಾಂವ ಅದೀನಿ."

ನಾನು ಚಹಾ ಒಯ್ಯಲಿಲ್ಲ, ಪರಾತ ಒಯ್ದೆ. ಮನೆಯವರು ಆಗಲೇ ಕ್ಯಾಮರಾವನ್ನು ಮೇಜಿನ ಮೇಲಿಟ್ಟು ಗಂಟಲು ಸರಿ ಮಾಡಿಕೊಂಡಿದ್ದರು. "ಸಾಹೇಬ್ರ, ನಾ ಎಲ್ಲಾ ನೋಡೀನಿ," ಎಂದು ಶುರು ಮಾಡಿದ್ದರು.

"ತಡೀರಿ," ಎಂದೆ. "ಅನ್ನಬ್ಯಾಡ್ರಿ. ಒಂದು ನೋಡೂದು ಉಳದದ."

ಹೊರಗಿನವರ ಎದುರು ನಾನು ಅವರ ಮಾತನ್ನು ಕಡಿದವಳಲ್ಲ. ಅವರು ನನ್ನ ಮುಖ ನೋಡಿದರು, ಪರಾತ ನೋಡಿದರು. ಪರಾತವನ್ನು ಕ್ಯಾಮರಾದ ಬಾಜೂಕ್ಕೆ ಇಟ್ಟು ಎರಡು ಚುಕ್ಕಿಗಳಿಗೂ ಬೆರಳು ತೋರಿಸಿದೆ.

"ಚುಕ್ಕಿ ಅಂದ್ರ ಎಲ್ಲಾ ಚುಕ್ಕಿ ಹಂಗ ಇರ್ತಾವ," ಎಂದರು ಮನೆಯವರು.

"ಗಾಜ ಹಿಡೀರಿ."

ಹಿಡಿದರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಗಾಜು ಓಡಾಡಿತು. ಇಷ್ಟು ವರ್ಷ ಆ ಪರಾತದಲ್ಲಿ ನಾದಿದ ಹಿಟ್ಟಿನ ರೊಟ್ಟಿ ತಿಂದವರು ಅದರ ಅಂಚನ್ನು ಅಂದೇ ಮೊದಲ ಸಲ ನೋಡಿದ್ದು. ಸುಬೇದಾರರ ಕಡೆ ತಿರುಗಿ, "ಸೂಜಿ ಆಡಿಸಲಿ?" ಎಂದು ಕೇಳಿದರು.

"ಆಡಸ್ರಿ. ಬೇಕಾದ್ರ ಸುತ್ತಿಗಿ ಆಡಸ್ರಿ," ಎಂದರು ಸುಬೇದಾರರು. ನಗು ಹೋಗಿತ್ತು.

ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯನ್ನು ಸೂಜಿಯ ತುದಿಗೆ ಸುತ್ತಿ ಬಾಣದ ಗೆರೆಯಲ್ಲಿ ಎಳೆದರು. ಹತ್ತಿ ಕಾಡಿಗೆಯಂತೆ ಕಪ್ಪಾಗಿ ಬಂತು. ಗೆರೆಯೊಳಗಿನಿಂದ ಹಿತ್ತಾಳೆ ನಿನ್ನೆ ಕೊರೆದಂತೆ ಹೊಳೆಯಿತು. ಮನೆಯವರು ಸೂಜಿ ಕೆಳಗಿಟ್ಟು ಕನ್ನಡಕ ತೆಗೆದರು.

"ಕ್ಯಾಮರಾ ಆ ಕಾಲದ್ದು ಖರೆ. ಫೌಜಿಂದಲ್ಲ. ಯಾರೋ ಮನಿ ಮಂದಿ ಫೋಟೋ ತಗಸ್ಕೊಂಡಿದ್ದ ಸಾದಾ ಕ್ಯಾಮರಾ ಇದು. ಗುರುತು ಈಚೆ ಹಾಕ್ಯಾರ."

"ಯಾರು?" ಎಂದು ಸುಬೇದಾರರು ಕೇಳಿದ್ದು ಅವರನ್ನಲ್ಲ, ನನ್ನನ್ನು.

"ನನ್ನ ತಮ್ಮ," ಎಂದೆ. "ಗುಡಗೇರ್ಯಾಗ ಭಾಂಡೆ ಅಂಗಡಿ ಐತಿ ಅವಂದು. ಹುಬ್ಬಳ್ಳ್ಯಾಂವ ಸಿನಿಮಾಕ ಅಂತ ಕೊರಸಿದ್ನಂತ. ನನಗ ಅಷ್ಟ ಗೊತ್ತು."

ನಮ್ಮ ಮನೆಯವರು ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸುತ್ತಲೇ ಇದ್ದರು. ಸುಬೇದಾರರು ಕ್ಯಾಮರಾವನ್ನು ಕೈಗೆತ್ತಿಕೊಂಡು ಬಿಚ್ಚಿ ಮಡಚಿ ಮಾಡಿದರು. "ಅಪ್ಪ ಫೌಜಿನ್ಯಾಗ ಇದ್ದದ್ದರ ಖರೆ ಹೌದಿಲ್ಲೋ," ಎಂದರು, "ಅದನ್ನೂ ಒಮ್ಮೆ ಗಾಜ ಹಿಡದು ನೋಡಿಬಿಡ್ರಿ. ಬಾಜೂಕ ನನ್ನ ಪೆನ್ಶನ್ನೂ ನೋಡ್ರಿ." ಮನೆಯವರು ನಕ್ಕರು, ಅರ್ಧಕ್ಕೆ ನಿಲ್ಲಿಸಿದರು. ಆ ಮನುಷ್ಯ ಬೈಯದೆ ಹಾಗೆ ಅಂದದ್ದನ್ನು ನಾನು ಅವತ್ತಿನ ದೇವರ ದಯೆಗಳಲ್ಲಿ ಸೇರಿಸಿಕೊಂಡಿದ್ದೇನೆ.

ಚಹಾ ಕಾಸಲು ಎದ್ದಾಗ ಬಾಗಿಲಿನಲ್ಲಿ ಮೋಟರ್ ಸೈಕಲ್ಲು ನಿಂತ ಸದ್ದಾಯಿತು. ತಮ್ಮ ಬಂದಿದ್ದ. ಅಂಗಿಯ ತೋಳಿಗೆ ಸ್ಟೀಲಿನ ಪುಡಿ ಮೆತ್ತಿತ್ತು. ಹೊಸ್ತಿಲ ಹೊರಗೇ ನಿಂತ.

"ಒಳಗ ಬಾರೋ," ಎಂದರು ಮನೆಯವರು.

"ಇಲ್ಲೇ ಇರ್ತೀನ್ರಿ ಮಾಮಾರ. ಹೇಳಿ ಹೋಗ್ತೀನಿ." ನನ್ನ ಕಡೆ ನೋಡಲಿಲ್ಲ. ನಾನು ಹೇಳಿಬಿಟ್ಟಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. "ಆ ಗುರುತು ನಾ ಹಾಕಿದ್ದು. ಅಕ್ಕ ಏನೂ ಹೇಳದಿದ್ರೂ ಅದು ನಾ ಹಾಕಿದ್ದು."

"ಗ್ವತ್ತಾಗೇದ," ಎಂದರು ಸುಬೇದಾರರು. "ಅಂವ ಸಿನಿಮಾಕ ಅಂದಾಗ ನೀವು ನಂಬಿದ್ರೇನು?"

ತಮ್ಮ ಹೊಸ್ತಿಲು ನೋಡುತ್ತ ನಿಂತ. "ಮೊದಲನೇದ್ದಕ್ಕ ನಂಬಿದ್ದೆ," ಎಂದ.

ಮೊದಲನೆಯದರ ನಂತರ ಎಷ್ಟು ಬಂದವು ಎಂದು ಯಾರೂ ಕೇಳಲಿಲ್ಲ. ಕೇಳಬೇಕೆಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಮನೆಯವರು ನನ್ನತ್ತ ನೋಡಿ ಬೇಡವೆಂದು ತಲೆ ಆಡಿಸಿದರು. ಆಮೇಲೆ ಫೋನು ತೆಗೆದು ಆ ಜೋಡಿ ಚುಕ್ಕಿಯನ್ನು ಹತ್ತಿರದಿಂದ ಫೋಟೋ ಹೊಡೆದರು.

"ಇದನ್ನ ಗುಂಪಿಗೆ ಹಾಕಬೇಕಾಗ್ತದ. ಬಾಣದ ಕೆಳಗ ಈ ಚುಕ್ಕಿ ಇದ್ರ ತಗೋಬ್ಯಾಡ್ರಿ ಅಂತ. ಇಲ್ಲಾಂದ್ರ ಬ್ಯಾರೆ ಯಾರರ ಮೋಸ ಹೋಗ್ತಾರ. ನಿನ್ನ ಹೆಸರ ಹಾಕೂದಿಲ್ಲ. ಆದ್ರ ಚುಕ್ಕಿ ಕಂಡವರಿಗೆ ನೀ ಯಾರು ಅಂತ ಒಂದ ದಿನ ಗೊತ್ತಾಗಬಹುದು." ತಮ್ಮನ ಮುಖ ನೋಡಿದರು. "ಹಾಕಲಿ?"

ಅಪ್ಪ ಶಿವನಿಗೆಂದು ಇಟ್ಟ ಗುರುತು ಪುಣೆಯವರೆಗೆ ಖೊಟ್ಟಿ ಮಾಲಿನ ಗುರುತಾಗಿ ಹೋಗುವುದಿತ್ತು. ತಮ್ಮ ಮೊದಲ ಸಲ ನನ್ನನ್ನು ನೋಡಿದ. ನಾನು ಹೂಂ ಎಂದರೆ ಹೂಂ, ಬೇಡವೆಂದರೆ ಬೇಡ ಎನ್ನುವ ಹಾಗಿತ್ತು ಆ ನೋಟ. ಸಣ್ಣವನಿದ್ದಾಗ ತಪ್ಪು ಮಾಡಿ ಬಂದು ಹಾಗೇ ನೋಡುತ್ತಿದ್ದ. ನಾನು ಸುಮ್ಮನಿದ್ದೆ.

"ಹಾಕ್ರಿ ಮಾಮಾರ," ಎಂದ.

ಅಲ್ಲಿಂದ ಹೊರಟವನನ್ನು ಸುಬೇದಾರರು ಬಿಡಲಿಲ್ಲ. ನಾಳೆ ಹುಬ್ಬಳ್ಳಿಗೆ ಆ ವ್ಯಾಪಾರಿಯ ಹತ್ತಿರ ಅವನೂ ಜೊತೆಗೆ ಬರಬೇಕು, ಎದುರಿಗೆ ನಿಂತು ಇದನ್ನೇ ಹೇಳಬೇಕು ಎಂದರು. ತಮ್ಮ ಒಪ್ಪಿದ. ಸುಬೇದಾರರು ಮುಂದುವರಿದರು. "ಹಂಗಾರ ಈಗ ಕುಂದರ್ರಿ. ನಿಮ್ಮ ಅಕ್ಕಾರ ಕೈಯಾಗಿನ ಊಟ ಬಿಟ್ಟ ಹೋಗಬ್ಯಾಡ್ರಿ. ನೀವು ಉಂಡ್ರ ನಾ ಉಣ್ತೀನಿ, ಇಲ್ಲಂದ್ರ ಇಬ್ರೂ ಉಪಾಸ."

ಕುಳಿತ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ ಬಡಿಸಿದೆ. ಸುಬೇದಾರರು ಮಳೆ, ಬೆಳೆ, ಹಂದಿಯ ಕಾಟ ಎಂದು ತಾವೇ ಮಾತಾಡುತ್ತ ಉಂಡರು. ತಮ್ಮ ತಲೆ ಎತ್ತಲಿಲ್ಲ. ಮತ್ತೊಂದು ರೊಟ್ಟಿ ಹಾಕಲು ಹೋದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಸಾಕವಾ," ಎಂದ. ಅಕ್ಕಾ ಎನ್ನಲಿಲ್ಲ. ಆದರೆ ಹಾಕಿದ್ದನ್ನು ಬಿಡದೆ ಉಂಡ.

ಇಬ್ಬರೂ ಹೋದ ಮೇಲೆ ಮನೆಯವರು ಜಗಲಿಯ ಮೇಲೆ ಕುಳಿತರು. ನಾನು ತಾಟು ಎತ್ತಲು ಹೋದಾಗ, "ನೀ ಇರಲಿಲ್ಲಂದ್ರ ನಾ ಅಂದುಬಿಡ್ತಿದ್ದೆ," ಎಂದರು.

"ಅನ್ನಲಿಲ್ಲಲಾ. ಶಿವ ದೊಡ್ಡಾಂವ."

"ಎರಡನೇದ್ದಕ್ಕ ಅವಗ ಗೊತ್ತಿತ್ತೇನು?"

"ಗೊತ್ತಿಲ್ರಿ," ಎಂದೆ.

ನಿಜಕ್ಕೂ ನನಗೆ ಗೊತ್ತಿಲ್ಲ. ಗೊತ್ತಿರಲಿಲ್ಲ ಎಂದು ಅವನ ಬಾಯಿಂದ ಕೇಳಿದರೂ ನಂಬುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ತಾನಾಗಿ ಬಂದ, ಹೊಸ್ತಿಲಲ್ಲಿ ನಿಂತು ಹೇಳಿದ, ಉಂಡು ಹೋದ. ಲೆಕ್ಕಕ್ಕೆ ಸಿಗುವಷ್ಟನ್ನು ದೇವರ ಹೆಸರಿಗೆ ಹಾಕಿ ಉಳಿದದ್ದನ್ನು ಹಾಗೇ ಬಿಟ್ಟೆ.

ಮಡಕೆ ಕಾಳು ನೆನೆ ಹಾಕಿರಲಿಲ್ಲವೆಂದು ನೆನಪಾಯಿತು. ನಾಳೆ ಬೆಳಿಗ್ಗೆ ಪಲ್ಯಕ್ಕೆ ಬೇರೆ ಏನೂ ಇರಲಿಲ್ಲ. ಡಬ್ಬಿಯಿಂದ ಕಾಳು ಮೊರಕ್ಕೆ ಸುರುವಿಕೊಂಡು ದೀಪದ ಕೆಳಗೆ ಕಲ್ಲು ಆರಿಸತೊಡಗಿದೆ.